ಜಿಮ್ಮಿಯ ಐದೂವರೆ

ಕುಂಭಾಶಿ
೧೭ ಅಕ್ಟೋಬರ್ ೨೦೨೪, ಗುರುವಾರ

ಶರ್ಮಿಳಾ,

“ನಾಯಿಗೆ ಎಂತಕ್ಕೆ ಗಡಿಯಾರ, ಅದ್ಕೆ ಹೊತ್ತ್ ಗೊತ್ತಾಪ್ದೇ ಬೇರೆ ನಮೂನಿ” ಎಂದಿದ್ದೆ ನೀನು ಒಮ್ಮೆ. ಯಾವ ನಮೂನೆ ಎಂದು ಮುಂದೆ ಹೇಳಿದೆಯೋ, ನಾನೇ ಕೇಳಿಸಿಕೊಳ್ಳಲಿಲ್ಲವೋ ನೆನಪಿಲ್ಲ. ಕೇಳಿಸಿಕೊಂಡಿದ್ದರೆ ಈ ವಾರ ಉಪಯೋಗಕ್ಕೆ ಬರುತ್ತಿತ್ತು.

ನಾನು ಸೌಖ್ಯ. ನಿನ್ನ ಆಪರೇಷನ್ನಿನ ಹೊಲಿಗೆ ಪೂರ್ತಿ ಒಣಗಿದೆ, ಬ್ರಹ್ಮಾವರದಲ್ಲೂ ಗೇರುಬೀಜದ ಕಾರ್ಖಾನೆಗೇ ಸೇರಿದ್ದೀಯ ಎಂದು ನಿನ್ನ ಅಣ್ಣ ಚೆನ್ನಯ್ಯನವರಿಂದ ತಿಳಿಯಿತು. ನೀನು ಅವರ ಮನೆಗೆ ಹೋಗಿ ನಾಲ್ಕು ತಿಂಗಳಾಯಿತು. ಬರೆಯುವುದು ತಡವಾಯಿತು, ಅದು ಗೊತ್ತು. ನೀನು ಫೋನು ಎತ್ತುವುದಿಲ್ಲ. ಹಾಗಾಗಿ ಈ ಕಾಗದ ಡ್ರೈವರ್ ಚರಣನ ಬಸ್ಸಿನಲ್ಲಿ ಬರುತ್ತದೆ.

ವಿಷಯ ಜಿಮ್ಮಿಯದು. ನನಗೆ ಸಾಕಾಗಿ ಹೋಗಿದೆ.

ನೀನು ಹೋದ ಮೇಲೂ ಅದು ಸಂಜೆ ಐದೂವರೆಗೆ ಎದ್ದು ಗೇಟಿಗೆ ಹೋಗುತ್ತದೆ, ಆರರವರೆಗೆ ರಸ್ತೆ ನೋಡಿ ವಾಪಸು ಬರುತ್ತದೆ ಎಂದು ಪಕ್ಕದ ಮನೆಯ ಸೀತಕ್ಕ ಹೇಳುತ್ತಲೇ ಇದ್ದಳು. ನಾನು ಮನೆ ಸೇರುವುದು ಒಂಬತ್ತಕ್ಕೆ, ನಂಬಿರಲಿಲ್ಲ. ದೊಡ್ಡಪ್ಪನ ಮಗ ಮುತ್ತಣ್ಣ ತೀರಿಕೊಂಡ ಸುದ್ದಿ ನಿನಗೂ ಬಂದಿರಬೇಕು. ಆ ಸೂತಕಕ್ಕೆಂದು ರಜೆ ಹಾಕಿ ಮನೆಯಲ್ಲಿ ಕೂತಾಗ ಕಣ್ಣಾರೆ ಕಂಡೆ. ಐದು ಇಪ್ಪತ್ತೆಂಟು, ಐದು ಮೂವತ್ತೊಂದು, ಐದು ಇಪ್ಪತ್ತೊಂಬತ್ತು. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಹದಿನೆಂಟು ವರ್ಷದಿಂದ ಟೈಮ್ ಕೀಪರ್ ಆಗಿರುವವನು ನಾನು. ಇಷ್ಟು ಸರಿಯಾಗಿ ಬಂದ ಬಸ್ಸು ಒಂದನ್ನೂ ಕಂಡಿಲ್ಲ.

ನೀನು ಇಳಿಯುತ್ತಿದ್ದ ಬಸ್ಸಿನ ಹಾರನ್ ಕೇಳಿ ಏಳುತ್ತದೆ ಎಂದುಕೊಂಡು, ಮೂರು ದಿನ ನಮ್ಮ ಮನೆಯ ಹತ್ತಿರ ಹಾರನ್ ಹಾಕಬೇಡ ಎಂದು ಚರಣನಿಗೆ ಹೇಳಿದೆ. ಹಾಕಲಿಲ್ಲ. ಜಿಮ್ಮಿ ಎದ್ದಿತು. ಮೂರನೆಯ ದಿನ ಚರಣ ಬಸ್ಸು ನಿಧಾನ ಮಾಡಿ ಕಿಟಕಿಯಿಂದ ತಲೆ ಹಾಕಿದ.

“ಹ್ವಾಯ್ ಭೋಜಣ್ಣ, ಸ್ಟ್ಯಾಂಡಂಗೆ ಜಿಮ್ಮಿನ ಕೂರ್ಸಿ, ನೀವ್ ಮನೆಲಿ ಮನಿಕಣಿ. ಅದಾದ್ರೆ ಯಾರ್ ಹತ್ರವೂ ಜಗಳ ಮಾಡುದಿಲ್ಲ.”

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಇರಲಿ.

ತಪ್ಪಾದದ್ದು ಸೂತಕ ಕಳೆಯುವ ದಿನ. ಮನೆಯ ಬಟ್ಟೆಯೆಲ್ಲ ನೀರಿಗೆ ಬೀಳಬೇಕು ಎಂದು ಸೀತಕ್ಕ ಬೆಳಿಗ್ಗೆಯೇ ಬಂದು ಸೆರಗು ಸಿಕ್ಕಿಸಿದಳು. ಹಾಸಿಗೆ, ಹೊದಿಕೆ, ಪರದೆ, ನಾನು ಉಟ್ಟಿದ್ದೊಂದು ಬಿಟ್ಟು ಎಲ್ಲ. ಜಗಲಿಯಲ್ಲಿ ಜಿಮ್ಮಿ ಮಲಗುತ್ತಿದ್ದ ನಿನ್ನ ಹಳೆಯ ಕಾರ್ಖಾನೆ ಸೀರೆಯನ್ನೂ ಎಳೆದಳು. ಜಿಮ್ಮಿ ಗುರ್ ಎಂದಿತು.

“ಅದ್ ನಾಯಿದಲ್ದಾ, ಬಿಡಿ” ಎಂದೆ.

“ನಾಯಿ ಎಂತ ಹೊರಗಿನದಾ? ಈ ಮನಿ ಅನ್ನ ತಿಂಬುದಿಲ್ಯಾ? ಸೂತಕ ಅದಕ್ಕೂ ಇತ್ತ್” ಎಂದು ಸೀತಕ್ಕ ಸೀರೆಯನ್ನು ಸೋಪಿನಪುಡಿಯಲ್ಲಿ ನೆನೆಸಿ, ಕಲ್ಲಿಗೆ ಬಡಿದು, ಗೇರುಬೀಜದ ಎಣ್ಣೆಯ ವಾಸನೆಯ ಎಳೆಯೂ ಇಲ್ಲದಂತೆ ತೊಳೆದಳು. ಶಾಸ್ತ್ರದಲ್ಲಿ ಅವಳನ್ನು ಗೆಲ್ಲುವುದು ನನ್ನಿಂದಾಗುವುದಿಲ್ಲ. ನಾನೇ ಹಗ್ಗಕ್ಕೆ ಹಾಕಿದೆ.

ಮರುದಿನದಿಂದ ಜಿಮ್ಮಿ ಐದೂವರೆಗೆ ಗೇಟಿಗೆ ಹೋಗುವುದಿಲ್ಲ. ಬೆಳಗಾಗುತ್ತಲೇ ಹೋಗಿ ಕೂರುತ್ತದೆ. ಏಳಕ್ಕೂ ಅಲ್ಲೇ, ಮಧ್ಯಾಹ್ನದ ಬಿಸಿಲಿಗೂ ಅಲ್ಲೇ. ಅನ್ನ ಒಯ್ದು ಮುಂದಿಟ್ಟರೆ ನನ್ನ ಕಾಲಿನ ಸಂದಿಯಿಂದ ರಸ್ತೆ ನೋಡುತ್ತದೆ. ಬೈದೆ, ಒಳಗೆ ಎಳೆದೆ, ಒಮ್ಮೆ ಕಟ್ಟಿಯೂ ಹಾಕಿದೆ. ಕಟ್ಟಿದ ಹಗ್ಗ ಎಷ್ಟು ಉದ್ದವೋ ಅಷ್ಟು ದೂರ ಗೇಟಿನ ಕಡೆಗೇ ಕೂತಿತು.

ಏನಾದರೂ ರೋಗವಿರಬಹುದೆಂದು ಮಂಗಳವಾರ ರಿಕ್ಷಾದಲ್ಲಿ ದನದ ಡಾಕ್ಟರು ರೋಷನ್ ಅವರ ಹತ್ತಿರ ಒಯ್ದೆ. ನೋಡಿ, ರೋಗ ಏನೂ ಇಲ್ಲ ಎಂದರು. ಆಮೇಲೆ ಮನೆಯಲ್ಲಿ ಯಾರಾದರೂ ಊರಿಗೆ ಹೋಗಿದ್ದಾರೆಯೇ ಎಂದು ಕೇಳಿದರು. ನಾನು ಸೀರೆಯ ವಿಷಯ ಮಾತ್ರ ಹೇಳಿದೆ.

“ಪೂರ್ತಿ ಖಾತ್ರಿ ಇಲ್ಲ ಭೋಜಣ್ಣ, ಕೆಲವ್ರ್ ಹೀಂಗ್ ಹೇಳ್ತ್ರ್,” ಎಂದರು ಅವರು. “ಮನೆಯವ್ರ್ ಬೆಳಿಗ್ಗೆ ಹೋಪತಿಗೆ ಅವ್ರ ವಾಸನೆ ಗಟ್ಟಿ ಇರತ್ತ್. ಹೊತ್ತ್ ಹೋದಾಂಗೆ ತೆಳು ಆತ್ತ್. ಇಷ್ಟ್ ತೆಳು ಆಯ್ತಂದ್ರೆ ಅವ್ರ್ ಬಪ್ಪ ಹೊತ್ತಾಯ್ತ್ ಅಂತ ನಾಯಿಗೆ ಗೊತ್ತಾತ್ತಂಬ್ರ್. ರಾತ್ರಿ ಆ ಸೀರೆ ಮೇಲ್ ಮನಿಕಂಡ್ರೆ ಅದಕ್ಕೆ ವಾಸನೆ ಮತ್ತೆ ಗಟ್ಟಿ ಸಿಕ್ತಿತ್ತ್. ಈಗ ನೀವ್ ವಾಸನೆಯನ್ನೇ ತೊಳ್ದ್ ಹಾಕಿದ್ರಿ. ಅದ್ರ ಲೆಕ್ಕದಂಗೆ ಶರ್ಮಿಳಕ್ಕ ಇನ್ನೇನ್ ಬಂದ್ರ್.”

ಅಂದರೆ, ನಮ್ಮ ಮನೆಯಲ್ಲಿ ಈಗ ಬೆಳಿಗ್ಗೆಯಿಂದ ರಾತ್ರಿಯವರೆಗೆ ಐದೂವರೆ. ಮುಳ್ಳು ಮುಂದೆ ಹೋಗುವುದಿಲ್ಲ. ಇದನ್ನು ಸಹಿಸಿಕೊಂಡು ನಾನು ದಿನಾ ಸ್ಟ್ಯಾಂಡಿಗೆ ಹೋಗಿ, ಎರಡು ನಿಮಿಷ ತಡವಾದವನಿಗೆ ಗದರಬೇಕು.

ಕೇಳುವುದು ಇಷ್ಟೇ. ನೀನು ಅಲ್ಲಿ ಕೆಲಸಕ್ಕೆ ಉಡುವ ಒಂದು ಸೀರೆ, ತೊಳೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಚರಣನ ಕೈಯಲ್ಲಿ ಕಳಿಸು. ನಾಯಿಗಾಗಿ. ಅದಕ್ಕೆ ಒಂದಿಷ್ಟು ಬೆಳಿಗ್ಗೆ, ಮಧ್ಯಾಹ್ನ ಸಿಗಲಿ.

ಚೆನ್ನಯ್ಯನವರಿಗೆ ನಮಸ್ಕಾರ, ಅವರ ಮಗಳು ಸುರಕ್ಷಾಗೆ ಆಶೀರ್ವಾದ ತಿಳಿಸು. ಆನೆಗುಡ್ಡೆಯ ಗಣಪತಿ ನಿನ್ನನ್ನು ಆರೋಗ್ಯವಾಗಿಟ್ಟಿರಲಿ. ಭಾರ ಎತ್ತಬೇಡ.

ಇಂತಿ,
ಭೋಜ

ಮರೆತ ಮಾತು: ನಿನ್ನನ್ನು ಆಸ್ಪತ್ರೆಯಿಂದ ಬಿಟ್ಟ ದಿನ ಹನ್ನೊಂದು ಗಂಟೆಗೆ ಬರುತ್ತೇನೆ ಎಂದಿದ್ದೆ. ಎರಡು ಬಸ್ಸಿನವರು ಮೂರು ನಿಮಿಷಕ್ಕಾಗಿ ಕೊರಳಪಟ್ಟಿ ಹಿಡಿದುಕೊಂಡಿದ್ದರು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಆ ಜಗಳ ಹನ್ನೆರಡಕ್ಕೇ ಮುಗಿದಿತ್ತು. ಊಟಕ್ಕೆ ಹೋದೆ, ಮತ್ತೆ ಕುರ್ಚಿಯಲ್ಲಿ ಕೂತೆ. ನೀನು ಎಲ್ಲಿಗೂ ಹೋಗುವವಳಲ್ಲ ಎಂದುಕೊಂಡಿದ್ದೆ. ಸ್ಟ್ಯಾಂಡಿನಿಂದ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ನಾನು ಮುಟ್ಟಿದ್ದು ಆರೂ ನಲವತ್ತಕ್ಕೆ. ಬೆಂಚು ಖಾಲಿಯಿತ್ತು, ಆರು ಗಂಟೆಗೆ ಅವರ ಅಣ್ಣ ಬಂದು ಕರೆದುಕೊಂಡು ಹೋದರು ಎಂದ ವಾಚ್‌ಮನ್. ಬಸ್ಸು ಬಂದ ಹೊತ್ತನ್ನೆಲ್ಲ ಬರೆಯುವ ನನಗೆ ಒಂದು ಹೊತ್ತು ಮಾತ್ರ ತಿಳಿಯದೆ ಉಳಿದಿದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಆ ಬೆಂಚಿನ ಮೇಲೆ ಕೂತಿದ್ದಾಗ, ನಾನು ಇನ್ನೇನು ಬಂದೆ ಎಂದು ನಿನಗೆ ಎಷ್ಟು ಗಂಟೆಯವರೆಗೆ ಅನ್ನಿಸುತ್ತಿತ್ತು, ಶರ್ಮಿಳಾ?