ಮಷಿನ್ನಿನ ಮೇಲೆ ಓಡುವ ಅಕ್ಷರ

ಮಾರ್ಚ್ 3, ಬೆಳಿಗ್ಗೆ
ಮತ್ತೆ ಟೀ ಆರಿಹೋಯಿತು. ಕಾರ್ಖಾನೆಯ ಸೇಫ್ಟಿ ಪೋಸ್ಟರ್ ಇವತ್ತು ಕಳಿಸಲೇಬೇಕು. ‘ಕೈ ಜೋಪಾನ’ — ಎರಡೇ ಪದ. ನೂರು ವರ್ಷದ ಹಿಂದಿನ ಫ್ಯೂಚರಿಸ್ಟ್ ಕಲಾವಿದರಿಗೆ ವೇಗದ ಹುಚ್ಚು, ಯಂತ್ರದ ಹುಚ್ಚು. ಅಕ್ಷರಗಳನ್ನು ಸಾಲಿನಿಂದ ಬಿಡಿಸಿ ಹಾಳೆ ತುಂಬ ಓಡಿಸಿದರು. ನಾನೂ ಓಡಿಸಿದ್ದೇನೆ. ಮೂಲೆಯಲ್ಲಿ ಪುಟ್ಟದಾಗಿ ಹೊರಟ ‘ಕೈ’, ‘ಜೋಪಾನ’ಕ್ಕೆ ಬರುವಷ್ಟರಲ್ಲಿ ಮೈಮೇಲೇ ಬೀಳುತ್ತದೆ. ಮಷಿನ್ನಿನ ಮೇಲೆ, ಆದಷ್ಟು ಎತ್ತರದಲ್ಲಿ ಹಾಕಿಸಿ ಅಂತ ಅಲ್ಲಿನ ಸೇಫ್ಟಿ ಆಫೀಸರಿಗೆ ಹೇಳಿದೆ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾರ್ಚ್ 11
ತಮ್ಮ ಊಟಕ್ಕೆ ಬಂದಿದ್ದ. ಅದೇ ಕಾರ್ಖಾನೆಯಲ್ಲಿ ಅವನು ತಗಡು ಕತ್ತರಿಸುವ ಮಷಿನ್ನಿನ ಮೇಲೇ ಪೋಸ್ಟರ್ ಹಾಕಿದ್ದಾರಂತೆ.
“ಸೂಪರ್ ಅಕ್ಕ. ಅಕ್ಷರ ಓಡ್ತಾನೇ ಇರುತ್ತೆ. ಕಣ್ಣು ಕೀಳೋಕೇ ಆಗಲ್ಲ.”
“ಕೆಲಸ ಮಾಡ್ತಾ ನೋಡ್ತೀಯಾ?”
“ಎಲ್ಲರೂ ನೋಡ್ತೀವಿ. ಕೈ ಅದರ ಪಾಡಿಗೆ ಅದು ಕೆಲಸ ಮಾಡುತ್ತೆ.”
ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಅವನು ಇನ್ನೊಮ್ಮೆ ಬಡಿಸಿಕೊಂಡ.

ಮಾರ್ಚ್ 12
ಹೆದರಿಕೆ. ಬೇರೆ ಹೆಸರಿಲ್ಲ ಇದಕ್ಕೆ. ಬ್ಲೇಡು ಕೆಳಗೆ, ಕಣ್ಣು ಮೇಲೆ — ಮೇಲಕ್ಕೆ ಎಳೆದವಳು ನಾನು. ಆ ಕಲಾವಿದರು ಓಡಿಸಿದ್ದು ಹಾಳೆಯ ಮೇಲೆ. ಹಾಳೆಗೆ ಬ್ಲೇಡಿರಲಿಲ್ಲ.
ಸೇಫ್ಟಿ ಆಫೀಸರಿಗೆ ಫೋನ್ ಮಾಡಿದೆ. ತೆಗೆಸಿಬಿಡಿ, ಸಾದಾ ಅಕ್ಷರದಲ್ಲಿ ಬೇರೆ ಮಾಡಿಕೊಡುತ್ತೇನೆ ಎಂದೆ. ನಕ್ಕರು.
“ಜನ ನೋಡ್ತಾರೆ ಅಂತ ಬೇಜಾರು ಮಾಡ್ಕೊಳ್ಳೋ ಡಿಸೈನರ್ ನೀವೊಬ್ಬರೇ ಮೇಡಂ. ಎಲ್ಲಾ ಮಷಿನ್‌ಗೂ ಹಾಕಿಸ್ತಿದ್ದೀವಿ.”

ಮಾರ್ಚ್ 19
ಕನಸಿನಲ್ಲಿ ಅವನ ಬೆರಳು... ಬೇಡ. ಬರೆಯುವುದಿಲ್ಲ.
ತಮ್ಮನಿಗೆ ಅಂಗಲಾಚಿದೆ, ಆ ಪೋಸ್ಟರ್ ಹರಿದು ಬಿಸಾಕು ಅಂತ.
“ಆಯ್ತು ತಾಯಿ, ಅಳಬೇಡ. ನಾಳೆ ನಮ್ಮ ಶಿಫ್ಟ್‌ನೋರು ಬರೋಕೆ ಮುಂಚೆ ಹೋಗಿ ಕಿತ್ತು ಹಾಕ್ತೀನಿ.”
ಎಷ್ಟೋ ದಿನದ ಮೇಲೆ ಹಸಿವಾಯಿತು.

ಮಾರ್ಚ್ 20, ಬೆಳಿಗ್ಗೆ 6:40
ಟೀ ಸೋಸುವಾಗ ಹೊಳೆಯಿತು. ಎತ್ತರ. ಅಲ್ಲಿ ಏಣಿ ಇಡಲು ಜಾಗವಿಲ್ಲ ಅಂತ ತಮ್ಮನೇ ಒಮ್ಮೆ ಹೇಳಿದ್ದ. ಎಟುಕಬೇಕೆಂದರೆ ಮಷಿನ್ನಿನ ಮೇಲೇ ಹತ್ತಬೇಕು, ಬ್ಲೇಡಿನ ಪಕ್ಕ ಕಾಲಿಟ್ಟು. ರಾತ್ರಿ ಶಿಫ್ಟಿನವರು ಆಫ್ ಮಾಡಿ ಹೋಗಿರುತ್ತಾರಾ? ಜೋಪಾನ ಅಂತ ಕಾರ್ಖಾನೆಗೆಲ್ಲ ಬರೆದೆ. ಅವನೊಬ್ಬನಿಗೆ, ಆಫ್ ಮಾಡಿ ಹತ್ತು ಅಂತ ಹೇಳಲಿಲ್ಲ.
ಅವನ ಫೋನ್ ರಿಂಗ್ ಆಗುತ್ತಿದೆ. ತೆಗೆಯುತ್ತಿಲ್ಲ. ಮತ್ತೆ ಮಾಡಿದೆ. ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ. ತೆಗೀ ಪುಟ್ಟ, ತೆಗೀ...
ಯಾರೋ ಎತ್ತಿದರು. ಅವನ ದನಿಯಲ್ಲ. ಹಿಂದೆ ಮಷಿನ್ ಇನ್ನೂ ಓಡುತ್ತಲೇ —