ಈ ಸಲದ ಕೋಚ್

ಸಿದ್ದಾಪುರ
೧೨ ನವೆಂಬರ್ ೨೦೨೫

ತ್ಯಾಗಲಿ ಫುಟ್‌ಬಾಲ್ ತಂಡದ ಪರಮಭಕ್ತ ಕಿರಣನಿಗೆ, ಚೇತನಾಳ ನಮಸ್ಕಾರ.

ನಾನು ಅಕ್ಕನ ಮನೆಯಲ್ಲಿ ಆರಾಮ ಇದ್ದೇನೆ. ನಾನು ಫೋನ್ ಎತ್ತುವುದಿಲ್ಲವೆಂದು ನೀನು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಮದುವೆಯಾದ ಆರು ವರ್ಷಗಳಲ್ಲಿ ಇದೇ ಮೊದಲ ಪತ್ರ. ಅದರಲ್ಲಿ ಮೂರೂವರೆ ಪುಟ ತಂಡಕ್ಕೆ ಬರಲಿರುವ ಹೊಸ ಮುಖ್ಯ ಕೋಚ್ ಬಗ್ಗೆ. ಕೊನೆಯ ಅರ್ಧ ಪುಟದಲ್ಲಿ, ಆಗಿದ್ದು ಆಯಿತು, ಮನೆಗೆ ಬಾ ಎಂದಿದ್ದೀಯ. ಬದಲಿ ಆಟಗಾರನಿಗೂ ಇದಕ್ಕಿಂತ ಹೆಚ್ಚು ಜಾಗ ಸಿಗುತ್ತದೆ.

ಕೋಚ್ ಬಹಳ ಖಡಕ್ ಅಂತೆ, ಯಾರ ಮುಲಾಜೂ ಇಲ್ಲವಂತೆ. ಹೆಸರನ್ನು ಮಾತ್ರ ಅಧ್ಯಕ್ಷ ಚಂದ್ರಶೇಖರಪ್ಪನವರು ಭಾನುವಾರದವರೆಗೆ ಹೇಳುವುದಿಲ್ಲವಂತೆ. ಹೆಸರೇ ಗೊತ್ತಿಲ್ಲದವರನ್ನು ನಂಬಿ ನೀನು ಆಗಲೇ ಕಪ್ ಇಡಲು ಗೋಡೆಗೆ ಹಲಗೆ ಹೊಡೆಸಿದ್ದೀಯ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ.

ಹಿಂದಿನವರು ನೆನಪಿದ್ದಾರೆಯೇ? ಹಾವೇರಿ ಕಡೆಯವರು ‘ಶಿಸ್ತು ಬೇಕ್ರಿ, ಶಿಸ್ತು’ ಎನ್ನುತ್ತ ತಾವು ಮಾತ್ರ ಒಂಬತ್ತಕ್ಕೆ ಏಳುತ್ತಿದ್ದರು. ಆಗಲೂ ನೀನು ‘ಈ ಸಲ ನೋಡ್ತಿರು’ ಎಂದಿದ್ದೆ. ಕಾರವಾರದವರು ಮೂರು ತಿಂಗಳು ನಮ್ಮ ಮನೆಯಲ್ಲಿ ಮೀನುಸಾರು ಉಂಡು, ನನ್ನ ಕೈರುಚಿ ಹೊಗಳಿ ಹೋದರು. ಮೂರನೆಯವರು ವಾಸ್ತು ಸರಿಯಿಲ್ಲವೆಂದು ಗೋಲಿನ ಕಂಬಗಳನ್ನೇ ಕಿತ್ತು ತಿರುಗಿಸಿ ನೆಡಿಸಿದರು. ಆ ತಿರುಗಿಸಿದ ಗೋಲಿಗೇ ಇಡಗುಂದಿ ತಂಡದವರು ಏಳು ಸಲ ಚೆಂಡು ಹೊಡೆದರು. ಆ ಸಂಜೆಯೂ ನೀನು ಹೇಳಿದ್ದು ‘ಮುಂದಿನ ಸಲ ನೋಡ್ತಿರು’ ಎಂದೇ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೋಲಿಗೆ ಕಾರಣ ಕೋಚ್ ಅಲ್ಲ ಎಂದು ನಿನಗೂ ಗೊತ್ತು. ನಿಮ್ಮೂರಲ್ಲಿ ಆಟದ ಜಾಗಗಳನ್ನೂ ಮನೆಮನೆಗೆ ಹಿಸೆ ಮಾಡಿಕೊಂಡಿದ್ದೀರಿ. ತಂಡ ಕಟ್ಟಿದಾಗ ಮೊದಲ ಚೆಂಡು ತಂದವರು ನಿನ್ನ ಅಜ್ಜ ಬೈರ, ಹಾಗಾಗಿ ಗೋಲ್‌ಕೀಪರ್ ಜಾಗ ನಿಮ್ಮ ಮನೆಯದು. ಅಜ್ಜನಾಯಿತು, ಅಪ್ಪನಾಯಿತು, ಈಗ ನಿನ್ನ ತಮ್ಮ ಸಂಜಯ. ಚೆಂಡು ಕಂಡರೆ ಕಣ್ಣು ಮುಚ್ಚುವ ಸಂಜಯ! ಹಾರಿ ಹಿಡಿಯಬಲ್ಲ ಚೌಡನ ಮನೆಗೆ ಬಂದ ಪಾಲು ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಕೆಲಸ.

ಆ ಏಳು ಗೋಲಿನ ಮರುದಿನ ನಮ್ಮ ಜಗಲಿಯಲ್ಲಿ ಸೇರಿದ ಸಭೆಯಲ್ಲಿ ನಾನು ಇದನ್ನೇ ಹೇಳಿದೆ. ಸಂಜಯನನ್ನು ಬಿಡಿ, ಚೌಡನಿಗೆ ನಾನು ಕಲಿಸುತ್ತೇನೆ ಎಂದೆ. ಧಾರವಾಡದಲ್ಲಿ ಓದುವಾಗ ಮೂರು ವರ್ಷ ಗೋಲು ಕಾಯ್ದವಳು ನಾನು. ನೀನು ಎಲ್ಲರೆದುರು ನಕ್ಕು, ‘ನಿಂಗೆ ಎಂತ ತಿಳೀತದೆ, ಹೋಗಿ ಚಾ ತಗೊಂಡ್ ಬಾ’ ಎಂದೆ. ಚಹಾ ತಂದೆ. ಹದಿನಾಲ್ಕು ಲೋಟ. ಮರುದಿನ ಬಸ್ಸು ಹತ್ತಿದೆ.

ಸಿಟ್ಟು ಇಳಿದರೆ ಬರುತ್ತಾಳೆ ಎಂದು ಊರಿಗೆಲ್ಲ ಹೇಳಿದ್ದೀಯಂತೆ. ಸಿಟ್ಟಲ್ಲ ಕಿರಣ, ನನಗೆ ನೋವಾಗಿತ್ತು. ಗುರುತಿಲ್ಲದ ಮೂವರು ಗಂಡಸರನ್ನು ಕಣ್ಣುಮುಚ್ಚಿ ನಂಬಿದವನು, ಆರು ವರ್ಷ ಜೊತೆಗಿದ್ದವಳನ್ನು ಒಂದು ಸಂಜೆಯ ಮಟ್ಟಿಗೂ ನಂಬಲಿಲ್ಲ. ಆ ಮನೆಗೆ ಮರಳುವ ಮಾತನ್ನು ಈಗ ಹೇಳಲಾರೆ. ಭಾನುವಾರ ಕಳೆಯಲಿ. ಅತ್ತೆಯ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ಮರೆಯದೆ ಕೊಡು.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಚೇತನಾ

ತಾ.ಕ.: ಚಂದ್ರಶೇಖರಪ್ಪನವರು ಮೂರು ಸಲ ಇಲ್ಲಿಗೆ ಬಂದಿದ್ದರು. ‘ನೀವು ಹೂಂ ಅನ್ರಿ, ಉಳಿದದ್ದು ನಾ ನೋಡ್ಕೋತೀನಿ’ ಎಂದರು. ನಿನ್ನೆ ಹೂಂ ಎಂದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿರುತ್ತೇನೆ. ಗೋಲಿನಲ್ಲಿ ಚೌಡ ನಿಲ್ಲುತ್ತಾನೆ. ಸುಣ್ಣದ ಗೆರೆ ಎಳೆಯಲು ಸಂಜಯನಿಗೆ ಹೇಳಿಡು. ಅಭ್ಯಾಸ ಮುಗಿದ ಮೇಲೆ ಎಲ್ಲರಿಗೂ ಚಹಾ ಬೇಕು. ಹದಿನಾಲ್ಕು ಲೋಟ, ನೀನೇ ತಾ.