ಆಕ್ಷೇಪಣೆಗೆ ಚಿತ್ರವಿಲ್ಲ

ರಾಯಚೂರು, ಕೃಷ್ಣಾ ದಂಡೆ
ಫೆಬ್ರವರಿ ಮೂವತ್ತು, ೨೨೯೪

ಹಿರಿಯರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಕ್ಷಮಿಸಿ.

ನೀವು ಐಕಾನ್ ಎನ್ನುವ ಉಗುರಗಲದ ಚಿತ್ರಕ್ಕೆ ನಾವು ಬೊಟ್ಟು ಎನ್ನುತ್ತೇವೆ. ನಮ್ಮ ಓಣಿಯ ಮೂಲೆಮೂಲೆಯಲ್ಲೂ ಬೊಟ್ಟುಗೋಡೆಯಿದೆ. ಜೋಳ ತರಿಸಲು, ವೈದ್ಯರನ್ನು ಕರೆಯಲು, ಮಗು ಹುಟ್ಟಿದ್ದನ್ನು ತಿಳಿಸಲು ಒಂದೊಂದು ಚಿತ್ರ ಒತ್ತಿದರಾಯಿತು. ಜನ ಓದಬಲ್ಲರು, ಬರೆಯುವುದನ್ನು ಮಾತ್ರ ಬಿಟ್ಟಿದ್ದಾರೆ. ನಾನು ಮಹಾನಂದಾ, ನಗರ ಕಚೇರಿಯ ಪರಿವರ್ತನೆ ವಿಭಾಗದಲ್ಲಿದ್ದೆ. ನಿಮ್ಮ ಕಾಲದ ಟೆಂಪ್ಲೇಟ್ ಕಡತಗಳಲ್ಲಿ ಒಕ್ಕಣೆ ಸಿದ್ಧವಾಗಿದ್ದು, ವಿಷಯಕ್ಕೆ ಜಾಗ ಖಾಲಿ ಇರುತ್ತಿತ್ತಲ್ಲ, ಅವನ್ನು ನಾವು ಅಚ್ಚು ಎನ್ನುತ್ತೇವೆ. ಅಚ್ಚು ತೆರೆದು ಓದುವುದು, ಅದರ ಸಾರವನ್ನು ಬೊಟ್ಟಾಗಿ ಬಿಡಿಸಿ ಚಿತ್ರರೂಪದಲ್ಲಿ ಉಳಿಸುವುದು, ಆಮೇಲೆ ಅಚ್ಚನ್ನು ಅಳಿಸುವುದು, ಇಷ್ಟೇ ನನ್ನ ಕೆಲಸ. ರಜೆ ಅರ್ಜಿಗೆ ಮಂಚದ ಚಿತ್ರ ಮಾಡಿದ್ದೆ. ಎಲ್ಲರಿಗೂ ಹಿಡಿಸಿತ್ತು.

ಹೋದ ತಿಂಗಳು ಆಕ್ಷೇಪಣೆ ಪತ್ರದ ಅಚ್ಚು ನನ್ನ ಮುಂದೆ ಬಂತು. ಅದಕ್ಕೆ ಎತ್ತಿದ ಕೈಯ ಚಿತ್ರ ಬಿಡಿಸಬೇಕೆಂದು ಮುಖ್ಯಸ್ಥ ವಿರೂಪಣ್ಣನವರು ಹೇಳಿದ್ದರು. ಅರ್ಧ ಬಿಡಿಸಿದ್ದೆ, ಅಷ್ಟರಲ್ಲಿ ಆಕ್ಷೇಪಣೆ ಸಲ್ಲಿಸಲು ಖಾಸಿಂಬಿ ಬಂದಳು. ದಂಡೆಯ ಓಣಿಯಲ್ಲಿ ಮೀನು ಮಾರುವವಳು. ಅವರ ಓಣಿಯ ನೀರಿನ ಪೈಪನ್ನು ವಿದ್ಯುತ್ ಸ್ಥಾವರಕ್ಕೆ ತಿರುಗಿಸಲು ಆದೇಶವಾಗಿತ್ತು. ಪರದೆಯ ಮೇಲಿನ ಕೈಯನ್ನು ದಿಟ್ಟಿಸಿ ಕೇಳಿದಳು:

"ಕೈ ಎತ್ತಿದ್ದು ಕಾಣತೈತಿ. ಯಾಕ ಎತ್ತೀನಿ ಅನ್ನೋದು ಎಲ್ಲೈತವ್ವಾ?"

ಅಚ್ಚನ್ನೇ ತೆರೆದೆ. 'ನನ್ನ ಆಕ್ಷೇಪಣೆಗೆ ಕಾರಣಗಳು' ಎಂಬ ಸಾಲಿನ ಕೆಳಗೆ ಪುಟವೆಲ್ಲ ಖಾಲಿ ಇತ್ತು.

"ಹೇಳಬೇ, ನಾ ಬರೀತೀನಿ" ಎಂದೆ. ಅಚ್ಚುಗಳನ್ನು ಓದಿ ಓದಿ ನನಗೆ ಬರೆಯುವುದೂ ರೂಢಿಯಾಗಿತ್ತು.

ಅವಳು ಹೇಳುತ್ತಾ ಹೋದಳು. ಬಾಣಂತಿ ಸೊಸೆ, ಮೀನು ತೊಳೆಯುವ ಕಟ್ಟೆ, ಬೇಸಿಗೆಯಲ್ಲಿ ಕೆಸರಾಗುವ ಹೊಳೆ, ಎಲ್ಲವೂ ಬಂತು. ನಡುನಡುವೆ ಬೈದಳು, ಬೈಗುಳವನ್ನೂ ಬರೆದೆ. ಹೆಬ್ಬೆಟ್ಟು ಒತ್ತಿಸಿ, ಪತ್ರವನ್ನು ಅಲ್ಲಿಂದಲೇ ಜಲಮಂಡಳಿಗೆ ಕಳಿಸಿದೆ.

ವಿರೂಪಣ್ಣನವರು ಕೆಟ್ಟವರಲ್ಲ. ಬೇಸರದಿಂದಲೇ ಅಂದರು: "ಒಂದು ಚಿತ್ರ ಒತ್ತಿದ್ರ ಮುಗೀತಿತ್ತು. ಮಂದಿಗೆ ಬರಿಯೋ ತ್ರಾಸ ಯಾಕ ಕೊಡ್ತಿ, ಮಹಾನಂದಾ? ಸಂಜಿಯೊಳಗ ಆ ಅಚ್ಚನ್ನ ಬೊಟ್ಟು ಮಾಡಿ ಅಳಿಸು."

"ಮಾಡಂಗಿಲ್ರಿ ಸರ್. ಅಳಿಸೂದೂ ಇಲ್ಲ."

"ನೌಕರಿ ಹೋಗ್ತದ."

"ಹೋಗ್ಲಿ ಬಿಡ್ರಿ."

ಹೋಯಿತು. ಎದ್ದು ಬರುವಾಗ ಅಚ್ಚಿನ ಒಂದು ಪ್ರತಿಯನ್ನು ಜೊತೆಗೆ ತಂದೆ. ಕಾರಣ ಬರೆದು ಕೊಟ್ಟವರನ್ನು ಕರೆಸಿ ಕೇಳಬೇಕೆಂಬ ಹಳೆಯ ಕಾನೂನನ್ನು ಯಾರೂ ರದ್ದು ಮಾಡಿರಲಿಲ್ಲ, ಯಾರೂ ಬರೆಯುವುದಿಲ್ಲವೆಂಬ ಧೈರ್ಯದಿಂದ. ಮಂಡಳಿ ಖಾಸಿಂಬಿಯನ್ನು ಕರೆಸಲೇಬೇಕಾಯಿತು. ಅವಳೊಂದಿಗೆ ಇಡೀ ಓಣಿ ಹೋಯಿತು. ಈ ವರ್ಷದ ಮಟ್ಟಿಗೆ ಪೈಪು ಅಲ್ಲೇ ಇದೆ.

ನನ್ನ ಕುರ್ಚಿಯಲ್ಲಿ ಬೇರೆಯವರು ಕೂತು ಆ ಕೈಯನ್ನು ಪೂರ್ತಿ ಮಾಡಿದ್ದಾರೆ, ಚೆನ್ನಾಗಿಯೇ ಬಂದಿದೆ. ದಂಡೆಯ ಓಣಿಯವರು ಮಾತ್ರ ಅದನ್ನು ಒತ್ತುವುದಿಲ್ಲ. ಖಾಸಿಂಬಿಯ ಕಟ್ಟೆಯ ಮೇಲೆ ಕೂತು ನನ್ನಿಂದ ಬರೆಯಲು ಕಲಿಯುತ್ತಿದ್ದಾರೆ.

ನೀವು ಚಿತ್ರ ಮಾಡಬೇಡಿ ಎನ್ನುವುದಿಲ್ಲ, ಧಾರಾಳವಾಗಿ ಮಾಡಿ. ಮಾಡಿದ ಮೇಲೆ ಮೂಲ ಕಡತವನ್ನು ಅಳಿಸಬೇಡಿ, ಅಷ್ಟೇ ನನ್ನ ಕೋರಿಕೆ. ಅಳಿಸಿದರೂ ನಾವು ಸುಮ್ಮನಿರುವವರಲ್ಲ. ಬರಿಯ ಹಾಳೆ ತೆಗೆದುಕೊಂಡು 'ಮಾನ್ಯರೇ' ಎಂಬಲ್ಲಿಂದ ಮತ್ತೆ ಶುರು ಮಾಡುತ್ತೇವೆ.

ಇಂತಿ,
ಮಹಾನಂದಾ